ಕೂರಿಗೆ ಚುಕ್ಕಿ ಮತ್ತು ಐವತ್ತರ ಲೆನ್ಸು

2016ರ ಅಕ್ಟೋಬರ್‌ನಲ್ಲಿ ತುಟ್ಟಿಭತ್ಯೆಯ ಬಾಕಿ ಹಣ ಒಟ್ಟಿಗೇ ಕೈಗೆ ಬಂತು. ಮನೆಯ ಸುಣ್ಣಬಣ್ಣಕ್ಕೆ, ಮಗಳ ಫೀಸಿಗೆ ಎಂದು ತೆಗೆದಿಟ್ಟ ಮೇಲೂ ಒಂದಿಷ್ಟು ಉಳಿಯಿತು. ಆ ಉಳಿಕೆಗೆ ಹೆಂಡತಿಯೇ ದಾರಿ ತೋರಿಸಿದಳು. "ಎಷ್ಟು ವರ್ಷದಿಂದ ಕ್ಯಾಮೆರಾ ಕ್ಯಾಮೆರಾ ಅಂತಿದೀರಿ, ಈ ಸಲ ತಗೊಂಡ್ಬಿಡಿ" ಅಂದಳು. ಮರುದಿನ ಶಾಲೆ ಬಿಟ್ಟ ಕೂಡಲೇ ತುಮಕೂರಿನ ಒಂದು ಅಂಗಡಿಯ ಮೆಟ್ಟಿಲು ಹತ್ತಿದೆ.

"ಏನು ತೆಗೀತೀರಿ ಸಾರ್? ಮಕ್ಕಳ ಫೋಟೊನಾ, ಟೂರಿಗಾ?" ಎಂದು ಕೌಂಟರಿನ ಹುಡುಗ ಕೇಳಿದ. ನಕ್ಷತ್ರ ಅಂದೆ. ಅವನು ಸ್ವಲ್ಪ ಯೋಚಿಸಿ, "ನಕ್ಷತ್ರ ದೂರ ಇರ್ತಾವಲ್ಲ ಸಾರ್, ಝೂಮ್ ಜಾಸ್ತಿ ಇರೋದೇ ಬೇಕು" ಅಂದ. ಆ ಮಾತಿನಲ್ಲಿ ನನಗೆ ಯಾವ ತಪ್ಪೂ ಕಾಣಲಿಲ್ಲ. ದೂರದ ವಸ್ತುವಿಗೆ ದೂರ ಎಟುಕುವ ಲೆನ್ಸು, ಅಷ್ಟೇ ತಾನೆ. ಕ್ಯಾನನ್ 1300ಡಿ ಬಾಡಿ, ಅದರ ಜೊತೆಗೇ ಬರುವ 18-55 ಮತ್ತು 55-250 ಎಂಎಂನ ಎರಡು ಝೂಮ್ ಲೆನ್ಸು, ಒಂದು ಬ್ಯಾಗು, ಕೈಯಲ್ಲಿ ಹಿಡಿದರೆ ಗಾಳಿಗೆ ತೂಗುವಷ್ಟು ಹಗುರವಾದ ಟ್ರೈಪಾಡು. ಎಲ್ಲ ಸೇರಿ ಮೂವತ್ತು ಸಾವಿರದ ಮೇಲಾಯಿತು. ಬಸ್ಸಿನಲ್ಲಿ ಮನೆಗೆ ಬರುವಾಗ 250ರ ಲೆನ್ಸನ್ನು ಎರಡು ಸಲ ಹೊರತೆಗೆದು ನೋಡಿದೆ.

ಆ ವರ್ಷ ದೀಪಾವಳಿಯ ಅಮಾವಾಸ್ಯೆ ಅಕ್ಟೋಬರ್ 30ಕ್ಕೆ ಬಿದ್ದಿತ್ತು. ಹಬ್ಬಕ್ಕೆ ಊರಿಗೆ ಹೋದೆವು. ನಮ್ಮೂರು ಹಿರಿಯೂರು ತಾಲ್ಲೂಕಿನದು, ಹೆದ್ದಾರಿಯಿಂದ ಸಾಕಷ್ಟು ಒಳಗೆ. ಮಳೆಗೆ ಕಾದು ಕಾದು ಕಣ್ಣು ಬತ್ತಿಸಿಕೊಳ್ಳುವ ಸೀಮೆ ಅದು. ರೈತನಿಗೆ ಶಾಪವಾದ ಆ ಮೋಡವಿಲ್ಲದ ಆಕಾಶ ನಕ್ಷತ್ರ ನೋಡುವವನಿಗೆ ಮಾತ್ರ ತೆರೆದ ಬಾಗಿಲು. ಈ ಮಾತನ್ನು ಅಪ್ಪನ ಎದುರು ನಾನು ಯಾವತ್ತೂ ಆಡಿದವನಲ್ಲ.

ಅಪ್ಪನಿಗೆ ನಕ್ಷತ್ರಗಳು ಮಳೆಯ ಹೆಸರುಗಳಾಗಿ ಗೊತ್ತು. ಕೃತ್ತಿಕೆ, ರೋಹಿಣಿ, ಮೃಗಶಿರ, ಆರಿದ್ರ. ಯಾವ ಮಳೆಗೆ ಏನು ಬಿತ್ತಬೇಕು, ಯಾವುದು ಕೈಕೊಟ್ಟರೆ ಏನು ಬಿಡಬೇಕು ಎಂಬುದೆಲ್ಲ ಆ ಹೆಸರಿನಲ್ಲೇ ನಡೆಯುತ್ತಿತ್ತು. ಪುಸ್ತಕದಲ್ಲಿ ಮಹಾವ್ಯಾಧ ಎಂದು ಬರೆಯುವ, ಹೊರದೇಶದವರು ಓರಿಯನ್ ಎನ್ನುವ ಗುಂಪಿನ ನಡುವೆ ಸಾಲಾಗಿ ನಿಂತ ಮೂರು ಚುಕ್ಕಿಗಳಿವೆಯಲ್ಲ, ಅದನ್ನು ನಮ್ಮ ಮನೆಯಲ್ಲಿ ಬೀಜ ಬಿತ್ತುವ ಕೂರಿಗೆ ಎನ್ನುತ್ತಿದ್ದೆವು. ಅದರ ಕೆಳಗೆ ಇಳಿಬಿದ್ದ ಸಣ್ಣ ಚುಕ್ಕಿಗಳನ್ನು ಅಪ್ಪ ಕೂರಿಗೆಯಿಂದ ಉದುರಿದ ಕಾಳು ಎನ್ನುತ್ತಿದ್ದರು. ಬೆಂಗಳೂರಿನ ಜವಾಹರಲಾಲ್ ನೆಹರು ತಾರಾಲಯಕ್ಕೆ ಕಾಲೇಜಿನಿಂದ ಹೋದಾಗ ಗೊತ್ತಾಯಿತು, ಆ ಉದುರಿದ ಕಾಳಿನ ನಡುವೆ ಕಣ್ಣಿಗೆ ಮಬ್ಬಾಗಿ ಕಾಣುವುದು ನಕ್ಷತ್ರವೇ ಅಲ್ಲ, ಸುಮಾರು 1,300 ಜ್ಯೋತಿರ್ವರ್ಷ ದೂರದ ಓರಿಯನ್ ನೀಹಾರಿಕೆ ಎಂದು. ಬಾದಾಮಿಯಲ್ಲಿ ಚಾಲುಕ್ಯರು ಆಳುತ್ತಿದ್ದಾಗ ಅಲ್ಲಿಂದ ಹೊರಟ ಬೆಳಕು ಇವತ್ತು ನಮ್ಮ ಕಣಕ್ಕೆ ಬಂದು ಬೀಳುತ್ತಿದೆ. ನನಗೆ ಬೇಕಿದ್ದದ್ದು ಅದರ ಫೋಟೊ. ಬೇರೇನೂ ಅಲ್ಲ.

ಅಮಾವಾಸ್ಯೆಯ ರಾತ್ರಿ ಪಟಾಕಿಯ ಸದ್ದಡಗಿದ ಮೇಲೆ ಕಣದಲ್ಲಿ ಟ್ರೈಪಾಡು ನಿಲ್ಲಿಸಿದೆ. ಹನ್ನೊಂದರ ಹೊತ್ತಿಗೆ ಕೂರಿಗೆ ಪೂರ್ವದಲ್ಲಿ ಏರಿತ್ತು. 250ಕ್ಕೆ ಝೂಮ್ ಮಾಡಿ, ಶಟರನ್ನು ಮೂವತ್ತು ಸೆಕೆಂಡಿಗೆ ಇಟ್ಟು ಒತ್ತಿದೆ. ಪರದೆಯ ಮೇಲೆ ಬಂದದ್ದು ಶಾವಿಗೆ. ಪ್ರತಿ ನಕ್ಷತ್ರವೂ ಒಂದೊಂದು ಎಳೆ, ಆ ಎಳೆಯೂ ನೆಟ್ಟಗಿಲ್ಲ, ಟ್ರೈಪಾಡಿನ ಅಲುಗಾಟಕ್ಕೆ ತುದಿಯಲ್ಲಿ ಕೊಕ್ಕೆ. ಹತ್ತಿಪ್ಪತ್ತು ಸಲ ತೆಗೆದೆ. ಸೆಕೆಂಡು ಇಳಿಸಿದರೆ ಎಳೆ ಗಿಡ್ಡವಾಗುತ್ತಿತ್ತು, ಜೊತೆಗೇ ಕಪ್ಪಾಗುತ್ತಿತ್ತು. ಮಬ್ಬು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಆಮೇಲೆ 18-55 ಹಾಕಿದೆ. ಚುಕ್ಕಿಗಳೇನೋ ಚುಕ್ಕಿಗಳಾಗಿಯೇ ಉಳಿದವು, ಆದರೆ ಎಲ್ಲವೂ ಒದ್ದೆ ಕಾಗದದ ಮೇಲಿನ ಮಸಿಯಂತೆ ಹರಡಿಕೊಂಡಿದ್ದವು. ದೂರಕ್ಕೆ ಫೋಕಸ್ ಎಲ್ಲಿ ನಿಲ್ಲುತ್ತದೆ ಎಂದು ತೋರಿಸುವ ಗುರುತೇ ಆ ಲೆನ್ಸಿನ ಮೇಲಿರಲಿಲ್ಲ. ಕತ್ತಲಲ್ಲಿ ತಾನಾಗಿ ಫೋಕಸ್ ಹಿಡಿಯಲು ಅದು ಹಿಂದೆ ಮುಂದೆ ಓಡಾಡಿ ಸೋತು ನಿಲ್ಲುತ್ತಿತ್ತು.

ಲೆಕ್ಕ ಮಾಡಿದ್ದು ತುಮಕೂರಿಗೆ ವಾಪಸ್ಸು ಬಂದ ಮೇಲೆ. ಗಣಿತ ಕಲಿಸುವ ನಾನು ಹಣ ಕೊಡುವ ಮೊದಲು ಮಾಡಬೇಕಿದ್ದ ಲೆಕ್ಕ ಅದು. ಭೂಮಿ ತಿರುಗುವುದರಿಂದ ಆಕಾಶ ಗಂಟೆಗೆ 15 ಡಿಗ್ರಿ ಸರಿಯುತ್ತದೆ, ಅಂದರೆ ಸೆಕೆಂಡಿಗೆ 15 ಆರ್ಕ್ ಸೆಕೆಂಡ್. ಕೂರಿಗೆ ಇರುವುದು ಆಕಾಶದ ಮಧ್ಯರೇಖೆಯ ಮೇಲೆ, ಆದ್ದರಿಂದ ಅದರ ಓಟ ಎಲ್ಲಕ್ಕಿಂತ ಜೋರು. 250 ಎಂಎಂನಲ್ಲಿ ಮೂವತ್ತು ಸೆಕೆಂಡು ಬಿಟ್ಟರೆ ಒಂದು ನಕ್ಷತ್ರ ನನ್ನ ಕ್ಯಾಮೆರಾದ ಸೆನ್ಸರಿನ ಮೇಲೆ ಸುಮಾರು 127 ಪಿಕ್ಸೆಲ್ ದೂರ ನಡೆದುಬಿಡುತ್ತದೆ. ಲೆನ್ಸು ಹೇಗೆ ಆಕಾಶವನ್ನು ದೊಡ್ಡದು ಮಾಡುತ್ತದೋ ಹಾಗೆಯೇ ಅದರ ನಡಿಗೆಯನ್ನೂ ದೊಡ್ಡದು ಮಾಡುತ್ತದೆ. ಅಂಗಡಿಯಲ್ಲಿ ನಾವಿಬ್ಬರೂ ದೂರದ ಬಗ್ಗೆ ಮಾತಾಡಿದ್ದೆವು, ಭೂಮಿ ತಿರುಗುವುದನ್ನು ಇಬ್ಬರೂ ಮರೆತಿದ್ದೆವು.

ಈ ಹವ್ಯಾಸದವರು ಐನೂರರ ಸೂತ್ರ ಎಂಬುದೊಂದನ್ನು ಹೇಳುತ್ತಾರೆ. 500ನ್ನು ಲೆನ್ಸಿನ ಫೋಕಲ್ ಲೆಂಗ್ತಿನಿಂದ, ಅಂದರೆ ಅದರ ಎಂಎಂ ಅಂಕಿಯಿಂದ, ಭಾಗಿಸಬೇಕು. ನನ್ನದರಂಥ ಚಿಕ್ಕ ಸೆನ್ಸರಿಗೆ ಅದನ್ನು ಇನ್ನೂ 1.6ರಿಂದ ಭಾಗಿಸಬೇಕು. ಬರುವ ಉತ್ತರ, ನಕ್ಷತ್ರ ಎಳೆಯಾಗದ ಹಾಗೆ ಶಟರನ್ನು ಎಷ್ಟು ಸೆಕೆಂಡು ತೆರೆದಿಡಬಹುದು ಎಂಬುದು. 18 ಎಂಎಂಗೆ 17 ಸೆಕೆಂಡು, 50ಕ್ಕೆ ಆರು, 250ಕ್ಕೆ ಒಂದೂಕಾಲು. ಪಿಕ್ಸೆಲ್‌ಗಳು ಇಷ್ಟು ಸಣ್ಣಗಾಗಿರುವ ಈ ಕಾಲಕ್ಕೆ ಆ ಸೂತ್ರ ಕೊಂಚ ಉದಾರವೇ. ನಾನು ಬರುವ ಉತ್ತರವನ್ನು ಅರ್ಧ ಮಾಡಿಕೊಳ್ಳುತ್ತೇನೆ.

ಆ ಚಳಿಗಾಲದಲ್ಲಿ ಇದ್ದ ಲೆನ್ಸಿನಲ್ಲೇ ಫೋಕಸ್ ಕಲಿತೆ. ಲೈವ್ ವ್ಯೂ ಹಾಕಿ, ಆಕಾಶದಲ್ಲೇ ಅತಿ ಪ್ರಕಾಶದ ಲುಬ್ಧಕವನ್ನು ಪರದೆಯ ನಡುವೆ ತಂದು, ಹತ್ತು ಪಟ್ಟು ದೊಡ್ಡದು ಮಾಡಿ, ಆ ಚುಕ್ಕಿ ಅತಿ ಸಣ್ಣದಾಗುವ ತನಕ ರಿಂಗನ್ನು ಕೂದಲೆಳೆಯಷ್ಟು ತಿರುಗಿಸಬೇಕು. ಆಮೇಲೆ ರಿಂಗಿಗೆ ಒಂದು ತುಂಡು ಟೇಪು. ಲೆನ್ಸಿನ ಬದಿಯಲ್ಲಿರುವ ಕಂಪನ ತಡೆಯುವ ಗುಂಡಿಯನ್ನು ಆರಿಸಬೇಕು, ಎರಡು ಸೆಕೆಂಡಿನ ಟೈಮರ್ ಇಟ್ಟು ಕೈ ತೆಗೆಯಬೇಕು. ಟ್ರೈಪಾಡಿನ ನಡುಗಂಬವನ್ನು ಮೇಲೆ ಎಳೆಯದೆ, ಅದರ ಕೊಕ್ಕೆಗೆ ಕಲ್ಲು ತುಂಬಿದ ಚೀಲ ನೇತುಹಾಕಿದರೆ ಅಗ್ಗದ ಟ್ರೈಪಾಡೂ ಗಟ್ಟಿಯಾಗಿ ನಿಲ್ಲುತ್ತದೆ. ಇವೆಲ್ಲ ಒಂದೇ ರಾತ್ರಿಯಲ್ಲಿ ಕಲಿಯಬಹುದಾದವು. ನನಗೆ ಹೇಳಿಕೊಡುವವರು ಇರಲಿಲ್ಲವಾದ್ದರಿಂದ ಮೂರು ಅಮಾವಾಸ್ಯೆ ಹಿಡಿದವು.

ಇಷ್ಟಾದರೂ ಚಿತ್ರಕ್ಕೆ ಜೀವ ಬಂದಿರಲಿಲ್ಲ. 18 ಎಂಎಂನಲ್ಲಿ ಕೂರಿಗೆ ಹೆಬ್ಬೆರಳಿನ ಉಗುರಿನಷ್ಟು, ನೀಹಾರಿಕೆ ಇಲ್ಲವೇ ಇಲ್ಲ. ಬಾಡಿಯದೇ ದೋಷ, ಇದಕ್ಕೆ ಲಕ್ಷ ರೂಪಾಯಿಯ ಕ್ಯಾಮೆರಾ ಬೇಕು ಎಂದು ತೀರ್ಮಾನಿಸಿ ಬ್ಯಾಗನ್ನು ಅಟ್ಟಕ್ಕೆ ಹಾಕುವುದರಲ್ಲಿದ್ದೆ.

ಆಗ ನನ್ನನ್ನು ಉಳಿಸಿದ್ದು ಒಂಬತ್ತನೇ ತರಗತಿಯ ಪಾಠ. ಅಭಾಗಲಬ್ಧ ಸಂಖ್ಯೆ ಹೇಳಿಕೊಡುತ್ತಿದ್ದೆ. ಎರಡರ ವರ್ಗಮೂಲ 1.414 ಎಂದು ಬೋರ್ಡಿನ ಮೇಲೆ ಬರೆದಾಗ ಹಿಂದಿನ ಬೆಂಚಿನ ಒಬ್ಬ ಹುಡುಗಿ ಎದ್ದು, "ಸಾರ್, ಇದು ನಿಜವಾಗ್ಲೂ ಎಲ್ಲಾದ್ರೂ ಉಪಯೋಗಕ್ಕೆ ಬರುತ್ತಾ?" ಎಂದು ಕೇಳಿದಳು. ಅಂಥ ಪ್ರಶ್ನೆಗೆ ಉತ್ತರ ಕೊಡದೆ ಮುಂದೆ ಹೋಗುವುದು ನನಗೆ ಆಗುವುದಿಲ್ಲ. ಕರ್ಣದ ಉದಾಹರಣೆ ಕೊಟ್ಟೆ. ಮನೆಗೆ ಬಂದು ಕ್ಯಾಮೆರಾದ ಪುಸ್ತಕ ತಿರುವುವಾಗ ಅಪರ್ಚರಿನ ಸಾಲು ಕಣ್ಣಿಗೆ ಬಿತ್ತು: 1.4, 2, 2.8, 4, 5.6, 8. ಒಂದೊಂದು ಅಂಕಿಯೂ ಹಿಂದಿನದರ ಎರಡರ ವರ್ಗಮೂಲದಷ್ಟು ಪಟ್ಟು! ಲೆನ್ಸಿನ ಬಾಯಿಯ ಅಗಲವನ್ನು ಎರಡರ ವರ್ಗಮೂಲದಿಂದ ಭಾಗಿಸಿದರೆ ಬಾಯಿಯ ವಿಸ್ತೀರ್ಣ ಸರಿಯಾಗಿ ಅರ್ಧವಾಗುತ್ತದೆ, ಒಳಬರುವ ಬೆಳಕೂ ಅರ್ಧ. ಮರುದಿನ ತರಗತಿಗೆ ಲೆನ್ಸನ್ನೇ ತಗೊಂಡುಹೋದೆ.

ಎಫ್ ಸಂಖ್ಯೆ ಎಂದರೆ ಫೋಕಲ್ ಲೆಂಗ್ತನ್ನು ಬಾಯಿಯ ಅಗಲದಿಂದ ಭಾಗಿಸಿದ್ದು. 18 ಎಂಎಂ, ಎಫ್ 3.5 ಎಂದರೆ ಬಾಯಿ ಐದು ಮಿಲಿಮೀಟರು. ಕತ್ತಲಲ್ಲಿ ನಮ್ಮ ಕಣ್ಣಪಾಪೆ ಅರಳುವಷ್ಟೂ ಇಲ್ಲ! 50 ಎಂಎಂ, ಎಫ್ 1.8 ಎಂದರೆ 28 ಮಿಲಿಮೀಟರು. ಮಳೆನೀರಿಗೆ ಲೋಟ ಇಡುವುದಕ್ಕೂ ಬೋಗುಣಿ ಇಡುವುದಕ್ಕೂ ಇರುವ ವ್ಯತ್ಯಾಸ. ಆದರೆ ಬೋಗುಣಿ ದೊಡ್ಡದಾದರೆ ಮಾತ್ರ ಸಾಲದು, ಎಷ್ಟು ಹೊತ್ತು ಮಳೆಯಲ್ಲಿಟ್ಟಿದ್ದೇವೆ ಎಂಬುದೂ ಮುಖ್ಯ, ಆ ಹೊತ್ತು ಫೋಕಲ್ ಲೆಂಗ್ತ್ ಹೆಚ್ಚಿದಂತೆ ಕಡಿಮೆಯಾಗುತ್ತದೆ. ಬಾಯಿಯ ವಿಸ್ತೀರ್ಣವನ್ನೂ ಸಿಗುವ ಸೆಕೆಂಡುಗಳನ್ನೂ ಗುಣಿಸಿ ಸರಳ ಮಾಡುತ್ತ ಹೋದರೆ ಕೊನೆಗೆ ಉಳಿಯುವುದು ಇಷ್ಟೇ: ಫೋಕಲ್ ಲೆಂಗ್ತನ್ನು ಎಫ್ ಸಂಖ್ಯೆಯ ವರ್ಗದಿಂದ ಭಾಗಿಸಬೇಕು. ಟ್ರೈಪಾಡಿನ ಮೇಲೆ ಸುಮ್ಮನೆ ನಿಂತ ಲೆನ್ಸು ಒಂದು ನಕ್ಷತ್ರದಿಂದ ಎಷ್ಟು ಬೆಳಕು ದುಡಿಯುತ್ತದೆ ಎಂಬುದಕ್ಕೆ ಅದೇ ಅಳತೆ.

ನನ್ನ ಲೆನ್ಸುಗಳನ್ನು ಆ ತಕ್ಕಡಿಗೆ ಹಾಕಿದೆ. 18ನ್ನು 3.5ರ ವರ್ಗದಿಂದ ಭಾಗಿಸಿದರೆ ಒಂದೂವರೆ. 250ನ್ನು 5.6ರ ವರ್ಗದಿಂದ ಭಾಗಿಸಿದರೆ ಎಂಟು. ಇರಲಿ ಎಂದು, ಮದುವೆ ಫೋಟೊದವರ ಬಳಿ ನೋಡಿದ್ದ 50 ಎಂಎಂ ಎಫ್ 1.8 ಲೆನ್ಸಿಗೂ ಮಾಡಿದೆ. ಹದಿನೈದೂವರೆಯ ಹತ್ತಿರ. ಕೈಯಲ್ಲಿದ್ದ ಲೆನ್ಸಿಗಿಂತ ಹತ್ತು ಪಟ್ಟು, ಆಸೆಪಟ್ಟು ಕೊಂಡ ಉದ್ದ ಝೂಮಿಗಿಂತ ಸುಮಾರು ಎರಡು ಪಟ್ಟು. ಬಾಡಿಯನ್ನು ಬೈಯುತ್ತ ಒಂದು ವರ್ಷ ಕಳೆದಿದ್ದೆ, ಕೊರತೆ ಇದ್ದದ್ದು ಲೆನ್ಸಿನ ಬಾಯಲ್ಲಿ.

ಗೊತ್ತಿದ್ದ ಸ್ಟುಡಿಯೊದವರೊಬ್ಬರು ತಮ್ಮ ಹಳೆಯ 50ರ ಲೆನ್ಸನ್ನು ಬೀರುವಿನ ಮೂಲೆಗೆ ಹಾಕಿದ್ದರು. ಕ್ಯಾನನ್ ಕಂಪನಿ 1990ರಲ್ಲಿ ತಂದ ಎರಡನೇ ಮಾದರಿ. ಮೈಯೆಲ್ಲ ಪ್ಲಾಸ್ಟಿಕ್ಕು, ಕೈಯಲ್ಲಿಟ್ಟರೆ ನೂರಮೂವತ್ತು ಗ್ರಾಂ, ಫೋಕಸ್ ಮಾಡುವಾಗ ಗರಗರ ಸದ್ದು. "ಏನ್ ಮೇಷ್ಟ್ರೇ, ಇದು ನಿಮಗ್ಯಾಕೆ?" ಎಂದರು. ಹೇಳಿದೆ. "ಸದ್ದು ಜಾಸ್ತಿ ಅಂತ ಬಿಟ್ಟೆ ನೋಡಿ. ಬೆಳಕಿನ ವಿಷಯಕ್ಕೆ ಮಾತ್ರ ಮಾತಾಡೋ ಹಾಗಿಲ್ಲ, ಮಂಟಪದಲ್ಲಿ ಕರೆಂಟು ಹೋದ್ರೂ ಇದು ಕೈ ಬಿಡಲ್ಲ" ಎಂದು ನಾಲ್ಕು ಸಾವಿರಕ್ಕೆ ಕೊಟ್ಟರು. ನಾನು ಕೊಂಡ ಎಲ್ಲ ಸಾಮಾನಿನಲ್ಲಿ ಅತಿ ಹೆಚ್ಚು ದುಡಿದದ್ದು ಆ ನಾಲ್ಕು ಸಾವಿರವೇ.

2018ರ ಸಂಕ್ರಾಂತಿಗೆ ಊರಿಗೆ ಹೋದಾಗ ಅಮಾವಾಸ್ಯೆಗೆ ಒಂದೆರಡು ದಿನ ಬಾಕಿಯಿತ್ತು. ರಾತ್ರಿ ಹತ್ತರ ಹೊತ್ತಿಗೆ ಕೂರಿಗೆ ನೆತ್ತಿಯ ಹತ್ತಿರ. ನಮ್ಮ ಅಕ್ಷಾಂಶ 14 ಡಿಗ್ರಿಯಾದ್ದರಿಂದ ಅದು 75 ಡಿಗ್ರಿ ಎತ್ತರಕ್ಕೆ ಏರುತ್ತದೆ. ನನ್ನ ಕ್ಯಾಮೆರಾದ ಪರದೆ ಅಲ್ಲಾಡುವುದಿಲ್ಲ, ಹಿಂಬದಿಗೆ ಅಂಟಿಕೊಂಡಿದೆ. ನೆತ್ತಿಗೆ ಗುರಿಯಿಟ್ಟರೆ ನೋಡುವವನು ನೆಲದ ಮೇಲೆ ಮಲಗಬೇಕು. ಗೋಣಿಚೀಲ ಹಾಸಿಕೊಂಡು ಮಲಗಿದೆ. 50 ಎಂಎಂ, ಎಫ್ 2.2, ಐಎಸ್‌ಒ 1600, ಮೂರು ಸೆಕೆಂಡು. ಪೂರ್ತಿ 1.8ಕ್ಕೆ ಬಾಯಿ ತೆರೆದರೆ ಮೂಲೆಯ ನಕ್ಷತ್ರಗಳು ರೆಕ್ಕೆ ಬಿಚ್ಚಿದ ಹಕ್ಕಿಗಳಂತೆ ಹಿಗ್ಗುತ್ತವೆ, ಸುತ್ತ ನೇರಳೆ ಅಂಚು ಕಟ್ಟುತ್ತದೆ. ಒಂಚೂರು ಮುಚ್ಚಿದರೆ ಸರಿಹೋಗುತ್ತದೆ. ಮೊದಲ ಚಿತ್ರ ಪರದೆಗೆ ಬಂತು. ಉದುರಿದ ಕಾಳಿನ ನಡುವೆ ನಸುಗೆಂಪು.

ಅಪ್ಪ ಕಂಬಳಿ ಹೊದ್ದು ಕಣದ ಅಂಚಿಗೆ ಬಂದು ನಿಂತಿದ್ದರು. ಕರೆದು ತೋರಿಸಿದೆ. ಪರದೆ ನೋಡಿದರು, ತಲೆಯೆತ್ತಿ ಆಕಾಶ ನೋಡಿದರು, ಮತ್ತೆ ಪರದೆ. "ಇದು ನಮ್ಮ ಕೂರಿಗೇನಾ? ಕಣ್ಣಿಗೆ ಹಿಂಗೆ ಕಾಣಕಿಲ್ವಲ್ಲ" ಅಂದರು. ಕಣ್ಣಿಗೆ ಅಷ್ಟು ಹೊತ್ತು ಬೆಳಕು ಕೂಡಿಡಲು ಬರುವುದಿಲ್ಲ ಅಪ್ಪಾ, ಕ್ಯಾಮೆರಾಕ್ಕೆ ಬರುತ್ತದೆ ಅಂದೆ. ಇನ್ನೂ ದೊಡ್ಡದು ಮಾಡಿ ತೋರಿಸಿದಾಗ ಬಹಳ ಹೊತ್ತು ಸುಮ್ಮನಿದ್ದು, "ಉದುರಿದ ಕಾಳು ಮೊಳಕೆ ಒಡ್ದಂಗೈತಲ್ಲೋ" ಅಂದರು. ಆ ಮಬ್ಬಿನೊಳಗೆ ಅನಿಲವೂ ಧೂಳೂ ಕುಸಿದು ಈಗಲೂ ಹೊಸ ನಕ್ಷತ್ರಗಳು ಹುಟ್ಟುತ್ತಿವೆ ಎಂದು ನಾನು ಹೇಳಿದ್ದು ಆಮೇಲೆ. ಅವರು ಅದಕ್ಕೇನೂ ಆಶ್ಚರ್ಯಪಡಲಿಲ್ಲ.

ಆ ರಾತ್ರಿ ಒಂದೇ ಗುರಿಗೆ ನೂರಿಪ್ಪತ್ತು ಚಿತ್ರ ತೆಗೆದೆ. ಎರಡು ಗಂಟೆಯ ಹೊತ್ತಿಗೆ ಚುಕ್ಕಿಗಳು ಮಾಸತೊಡಗಿದವು. ಬೆರಳಿನಿಂದ ಮುಟ್ಟಿ ನೋಡಿದರೆ ಲೆನ್ಸಿನ ಗಾಜಿಗೆ ಇಬ್ಬನಿ ಕೂತಿತ್ತು. ಅಮ್ಮ ಮೊಣಕಾಲಿನ ಕಾವಿಗೆ ಇಟ್ಟುಕೊಳ್ಳುವ ಉಪ್ಪಿನ ಗಂಟು ನೆನಪಾಯಿತು. ಅವಳನ್ನು ಎಬ್ಬಿಸಲಿಲ್ಲ. ಹಂಚಿನ ಮೇಲೆ ಉಪ್ಪು ಉಗುರುಬೆಚ್ಚಗೆ ಮಾಡಿ, ಹಳೆಯ ಕಾಲುಚೀಲಕ್ಕೆ ತುಂಬಿ, ಗಾಜಿಗೆ ತಾಗದಂತೆ ಲೆನ್ಸಿನ ಕುತ್ತಿಗೆಗೆ ಸುತ್ತಿದೆ. ಇಬ್ಬನಿ ಹೋಯಿತು, ಆ ರಾತ್ರಿ ಮತ್ತೆ ಬರಲಿಲ್ಲ. ಬ್ಯಾಟರಿಯಿಂದ ಬಿಸಿಯಾಗುವ ಪಟ್ಟಿಗಳು ಮಾರಾಟಕ್ಕೆ ಸಿಗುತ್ತವೆ. ನಾನಿನ್ನೂ ಉಪ್ಪನ್ನೇ ಬಳಸುತ್ತಿದ್ದೇನೆ.

ನೂರಿಪ್ಪತ್ತು ಚಿತ್ರ ಯಾಕೆಂದರೆ, ಒಂದೇ ಗುರಿಯ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಕೂಡಿಸಬಹುದು. ಡೀಪ್‌ಸ್ಕೈಸ್ಟ್ಯಾಕರ್, ಸೀಕ್ವೇಟರ್ ಎಂಬ ತಂತ್ರಾಂಶಗಳು ಪುಕ್ಕಟೆ ಸಿಗುತ್ತವೆ. ನಕ್ಷತ್ರ ಎಲ್ಲ ಚಿತ್ರದಲ್ಲೂ ಇರುತ್ತದೆ, ಸೆನ್ಸರಿನ ಕಾಳುಕಾಳು ಗಲೀಜು ಚಿತ್ರದಿಂದ ಚಿತ್ರಕ್ಕೆ ಜಾಗ ಬದಲಿಸುತ್ತದೆ. ಕೂಡಿಸುತ್ತ ಹೋದಂತೆ ಚಿತ್ರಗಳ ಸಂಖ್ಯೆಯ ವರ್ಗಮೂಲದಷ್ಟು ಚಿತ್ರ ಶುದ್ಧವಾಗುತ್ತದೆ, ನೂರು ಚಿತ್ರಕ್ಕೆ ಹತ್ತು ಪಟ್ಟು. ಮತ್ತೆ ವರ್ಗಮೂಲ! ಇದಕ್ಕೆ ಚಿತ್ರಗಳನ್ನು ಜೆಪೆಗ್‌ನಲ್ಲಿ ಅಲ್ಲದೆ ರಾ ಫೈಲಿನಲ್ಲಿ ತೆಗೆದಿರಬೇಕು. ಜೆಪೆಗ್ ಮಾಡುವಾಗ ಕ್ಯಾಮೆರಾ ತನಗೆ ಬೇಡವೆನಿಸಿದ್ದನ್ನು ಎಸೆದುಬಿಡುತ್ತದೆ, ನಮಗೆ ಬೇಕಾದ ಮಬ್ಬು ಆ ಎಸೆದದ್ದರಲ್ಲೇ ಇರುತ್ತದೆ.

ಮುಂದಿನ ವರ್ಷ ಊರಿನ ಬಡಗಿಯವರ ಕೈಯಲ್ಲಿ ಎರಡು ಹಲಗೆಗೆ ಒಂದು ಬಾಗಿಲಿನ ಕೀಲು ಹಾಕಿಸಿದೆ. ಸ್ಕಾಟ್ಲೆಂಡಿನ ಜಾರ್ಜ್ ಹೇಗ್ ಎಂಬವರು 1975ರಲ್ಲಿ ತಿಳಿಸಿಕೊಟ್ಟ ಉಪಾಯ ಅದು. ಕೀಲನ್ನು ಧ್ರುವ ನಕ್ಷತ್ರಕ್ಕೆ ನೇರ ಮಾಡಿ, ಮೇಲಿನ ಹಲಗೆಯನ್ನು ಒಂದು ಬೋಲ್ಟಿನಿಂದ ಮೆಲ್ಲಗೆ ಎತ್ತುತ್ತ ಹೋದರೆ ಅದರ ಮೇಲಿನ ಕ್ಯಾಮೆರಾ ಆಕಾಶದ ಜೊತೆಗೇ ತಿರುಗುತ್ತದೆ. ಎಂ6 ಬೋಲ್ಟು ಒಂದು ಸುತ್ತಿಗೆ ಸರಿಯಾಗಿ ಒಂದು ಮಿಲಿಮೀಟರು ಮೇಲೇರುತ್ತದೆ. ನಿಮಿಷಕ್ಕೊಂದು ಸುತ್ತು ಹಾಕಬೇಕಾದರೆ ಕೀಲಿನಿಂದ ಬೋಲ್ಟಿಗೆ ಎಷ್ಟು ದೂರ ಇರಬೇಕು? ಆಕಾಶ ಒಂದು ಸುತ್ತು ಬರಲು ತೆಗೆದುಕೊಳ್ಳುವುದು 23 ಗಂಟೆ 56 ನಿಮಿಷ, ಅಂದರೆ 1,436 ನಿಮಿಷ. ಅದನ್ನು ಎರಡು ಪೈಯಿಂದ ಭಾಗಿಸಿದರೆ 228.5 ಮಿಲಿಮೀಟರು. ಹತ್ತನೇ ತರಗತಿಯ ಮಕ್ಕಳೇ ಲೆಕ್ಕ ಮಾಡಿ ಕೊಟ್ಟರು. ಬಡಗಿಯವರು ಆ ಅರ್ಧ ಮಿಲಿಮೀಟರನ್ನೂ ಬಿಡದೆ ಗುರುತು ಹಾಕಿಕೊಂಡು ತೂತು ಕೊರೆದರು. "ನಿಮ್ಮ ಬಾಗಿಲು ಮಾತ್ರ ಮೇಷ್ಟ್ರೇ, ಇಷ್ಟು ಲೆಕ್ಕ ಕೇಳಿದ್ದು" ಅಂದರು. ಒಬ್ಬ ಹುಡುಗ ಗಡಿಯಾರ ಹಿಡಿದು ಹದಿನೈದು ಸೆಕೆಂಡಿಗೊಮ್ಮೆ "ಹ್ಞೂಂ" ಎನ್ನುವುದು, ಇನ್ನೊಬ್ಬಳು ಬೋಲ್ಟನ್ನು ಕಾಲು ಸುತ್ತು ತಿರುಗಿಸುವುದು. 50ರ ಲೆನ್ಸಿನಲ್ಲಿ ಮೂರು ಸೆಕೆಂಡಿನ ಜಾಗದಲ್ಲಿ ಒಂದು ನಿಮಿಷ ಸಿಕ್ಕಿತು. ಇಡೀ ಖರ್ಚು ಐನೂರು ರೂಪಾಯಿಯೊಳಗೆ.

ತೊಡಕು ಎಂದರೆ ಧ್ರುವ. ಅಕ್ಷಾಂಶ ಎಷ್ಟೋ ಧ್ರುವದ ಎತ್ತರ ಅಷ್ಟೇ, ನಮ್ಮಲ್ಲಿ ಬರೇ 14 ಡಿಗ್ರಿ. ಒಂದು ಹುಣಸೆಮರ ಸಾಕು ಅದನ್ನು ಮರೆಮಾಡಲು. ಉತ್ತರ ದಿಕ್ಕು ಬಯಲಾಗಿರುವ ಜಾಗ ಹುಡುಕಿದರೆ ಗುಡ್ಡದ ಸಾಲಿನ ಗಾಳಿಯಂತ್ರಗಳ ಕೆಂಪು ದೀಪ ಮಿನುಗುತ್ತವೆ. ಇದಕ್ಕೆ ಪ್ರತಿಯಾಗಿ ದಕ್ಷಿಣದ ಆಕಾಶ ನಮಗೆ ಧಾರಾಳ. ಆಕಾಶಗಂಗೆಯ ನಡುಭಾಗವಿರುವ ಧನು ರಾಶಿ ಲಂಡನ್ನಿನವರಿಗೆ ಹತ್ತು ಡಿಗ್ರಿ ಏರುವುದೂ ಕಷ್ಟ. ನಮಗೆ ಅದು 47 ಡಿಗ್ರಿ ಎತ್ತರದಲ್ಲಿ ನಿಲ್ಲುತ್ತದೆ. ಆದರೆ ರಾತ್ರಿಯಿಡೀ ಕಾಣುವ ಜೂನ್, ಜುಲೈಯಲ್ಲಿ ಮುಂಗಾರಿನ ಮೋಡ. ಆದ್ದರಿಂದ ಕರ್ನಾಟಕದವರಿಗೆ ಆಕಾಶಗಂಗೆಯ ಕಾಲ ಎಂದರೆ ಮಾರ್ಚ್‌ನಿಂದ ಮೇ ವರೆಗಿನ ಬೆಳಗಿನ ಜಾವ.

2020ರ ಜುಲೈಯಲ್ಲಿ ಕೋವಿಡ್‌ನಿಂದ ಶಾಲೆ ಮುಚ್ಚಿತ್ತು, ನಾನು ಊರಲ್ಲಿದ್ದೆ. ಆ ಮಾರ್ಚ್‌ನಲ್ಲಷ್ಟೇ ಪತ್ತೆಯಾಗಿದ್ದ ನಿಯೊವೈಸ್ ಧೂಮಕೇತು ಸಂಜೆಯ ವಾಯವ್ಯದಲ್ಲಿ, ಸಪ್ತರ್ಷಿಗಳ ಕೆಳಗೆ ಬಂದಿತ್ತು. ಎಂಟು ಸಂಜೆ ಮೋಡ. ಒಂಬತ್ತನೆಯ ಸಂಜೆ ಹತ್ತು ನಿಮಿಷ ಆಕಾಶ ಬಿರಿಯಿತು. ಕಣ್ಣಿಗೆ ಏನೂ ಕಾಣದ ಕಡೆ ಅಂದಾಜಿಗೆ ಕ್ಯಾಮೆರಾ ತಿರುಗಿಸಿ ನಾಲ್ಕು ಸೆಕೆಂಡು ಬಿಟ್ಟಾಗ, ಬಾಲವಿರುವ ಒಂದು ಪುಟ್ಟ ಚುಕ್ಕಿ ಪರದೆಯ ಮೂಲೆಯಲ್ಲಿ ಸಿಕ್ಕಿತು. ಅದು ಮತ್ತೆ ಬರುವುದು ಆರೂವರೆ ಸಾವಿರಕ್ಕೂ ಹೆಚ್ಚು ವರ್ಷಗಳ ಮೇಲೆ. ಮೋಡ ಮುಚ್ಚುವುದರೊಳಗೆ ಏಳು ಚಿತ್ರ. ಝೂಮ್ ಲೆನ್ಸಾಗಿದ್ದರೆ ಎಲ್ಲಿದೆಯೆಂದು ಹುಡುಕುವುದರಲ್ಲೇ ಆ ಹತ್ತು ನಿಮಿಷ ತೀರುತ್ತಿತ್ತು. 50ರದು 25 ಡಿಗ್ರಿ ಅಗಲದ ಕಣ್ಣು.

ಬಾಡಿ ಬದಲಿಸುವ ಆಸೆ ಆಮೇಲೂ ಬಂದಿದೆ, ಸುಳ್ಳು ಹೇಳುವುದಿಲ್ಲ. ಗೆಳೆಯರೊಬ್ಬರು ತಮ್ಮ ಫುಲ್ ಫ್ರೇಮ್ ಕ್ಯಾನನ್ 6ಡಿಯನ್ನು ಒಂದು ರಾತ್ರಿ ಕೊಟ್ಟಿದ್ದರು. ಗಲೀಜು ಕಡಿಮೆ, ಬಣ್ಣ ಹಿತ, ನಿಜವಾಗಿಯೂ ಒಳ್ಳೆಯ ಕ್ಯಾಮೆರಾ. ಅದಕ್ಕೆ ಎಫ್ 4ರ ಲೆನ್ಸು ಹಾಕಿ, ನನ್ನ 1300ಡಿಗೆ 50ರ ಲೆನ್ಸು ಹಾಕಿ ಅಕ್ಕಪಕ್ಕ ನಿಲ್ಲಿಸಿದೆವು. ನೀಹಾರಿಕೆ ಹೆಚ್ಚು ಎದ್ದು ಬಂದದ್ದು ಅಗ್ಗದ ಬಾಡಿಯಲ್ಲಿ. ಇನ್ನೊಂದು ಮಾತು: ಹೈಡ್ರೋಜನ್ ಸೂಸುವ 656 ನ್ಯಾನೊಮೀಟರಿನ ಕಡುಗೆಂಪನ್ನು ಸಾಮಾನ್ಯ ಕ್ಯಾಮೆರಾಗಳ ಒಳಗಿನ ಫಿಲ್ಟರ್ ಬಹುಪಾಲು ತಡೆಯುತ್ತದೆ, ಅದು ಎಷ್ಟೇ ಬೆಲೆಯದಾಗಲಿ. ಕ್ಯಾನನ್ 2012ರಲ್ಲಿ 60ಡಿಎ ಎಂಬ ಕ್ಯಾಮೆರಾ ಹೊರತಂದದ್ದೇ ಆ ಕೆಂಪನ್ನು ಹೆಚ್ಚು ಬಿಟ್ಟುಕೊಳ್ಳಲಿ ಎಂದು. ಮೊದಲ ಕ್ಯಾಮೆರಾ ಕೊಳ್ಳುವವರು ಅದಕ್ಕೆ ತಲೆಕೆಡಿಸಿಕೊಳ್ಳಬೇಕಿಲ್ಲ. ಓರಿಯನ್ ನೀಹಾರಿಕೆ, ಕೃತ್ತಿಕೆ, ಆಂಡ್ರೊಮಿಡಾ, ಮೇ ತಿಂಗಳಿನ ದಕ್ಷಿಣದಲ್ಲಿ ಒಮೆಗಾ ಸೆಂಟಾರಿ ಗುಚ್ಛ, ಎಲ್ಲವೂ ಸಾದಾ ಕ್ಯಾಮೆರಾಕ್ಕೆ ಸಿಗುತ್ತವೆ.

ಕಳೆದ ವರ್ಷ ಒಂದು ಫೋನು ಬಂತು. ವರ್ಗಮೂಲ ಎಲ್ಲಿ ಉಪಯೋಗಕ್ಕೆ ಬರುತ್ತದೆ ಎಂದು ಕೇಳಿದ ಹುಡುಗಿ. ಈಗ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ್ದಾಳೆ. "ಸಾರ್, ನಲವತ್ತು ಸಾವಿರ ಕೂಡಿಟ್ಟಿದೀನಿ. ನಕ್ಷತ್ರದ ಫೋಟೊಗೆ ಯಾವ ಕ್ಯಾಮೆರಾ ತಗೊಳ್ಲಿ?" ನನ್ನ ಎಂಟು ವರ್ಷವನ್ನು ಅವಳಿಗೆ ಕಾಲು ಗಂಟೆಯಲ್ಲಿ ಕೊಟ್ಟೆ. ಬಾಡಿ ಸೆಕೆಂಡ್ ಹ್ಯಾಂಡ್ ಇರಲಿ. ಮ್ಯಾನ್ಯುಯಲ್ ಮೋಡ್, ರಾ ಫೈಲ್, ಲೈವ್ ವ್ಯೂನಲ್ಲಿ ದೊಡ್ಡದು ಮಾಡಿ ನೋಡುವ ಅನುಕೂಲ, ರಿಮೋಟ್ ಸಿಕ್ಕಿಸಲು ಒಂದು ತೂತು, ಇಷ್ಟಿದ್ದರೆ ಸಾಕು. ಪರದೆ ಮಡಚಿ ತಿರುಗಿಸಲು ಬಂದರೆ ಕುತ್ತಿಗೆ ಉಳಿಯುತ್ತದೆ, ಆ ದೃಷ್ಟಿಯಿಂದ ನಿಕಾನ್ ಡಿ5300 ಒಳ್ಳೆಯದು. ಅದಕ್ಕೆ 35 ಎಂಎಂ ಎಫ್ 1.8, ಕ್ಯಾನನ್ ಆದರೆ 50 ಎಂಎಂ ಎಫ್ 1.8. ಬೆಟ್ಟವೂ ಮರವೂ ಆಕಾಶಗಂಗೆಯೂ ಒಂದೇ ಚಿತ್ರದಲ್ಲಿ ಬೇಕೆನಿಸಿದಾಗ 14 ಎಂಎಂ ಎಫ್ 2.8ರ ಲೆನ್ಸು, ಆದರೆ ಅದು ಎರಡನೆಯದು. ಹಣ ಉಳಿಸಬಾರದ ಕಡೆ ಎಂದರೆ ಟ್ರೈಪಾಡು. ಉದ್ದ ಝೂಮು, ಟೆಲಿಸ್ಕೋಪು ಈಗ ಬೇಡ. ಉಳಿದ ಹಣ ಬಸ್ ಚಾರ್ಜಿಗೆ, ಯಾಕೆಂದರೆ ಬೆಂಗಳೂರಿನ ಆಕಾಶದಲ್ಲಿ ಯಾವ ಲೆನ್ಸೂ ಆಕಾಶಗಂಗೆಯನ್ನು ಬಿಡಿಸಿ ತೋರಿಸಲಾರದು.

ಅವಳು ಎಲ್ಲ ಬರೆದುಕೊಂಡು, "ಅಲ್ಲಿವರೆಗೆ ಫೋನಲ್ಲಿ ತೆಗೀಲಾ ಸಾರ್?" ಅಂದಳು. ತೆಗಿ ಅಂದೆ. ಎರಡು ಇಟ್ಟಿಗೆಗಳ ನಡುವೆ ಫೋನು ನಿಲ್ಲಿಸಿ, ನೈಟ್ ಮೋಡಿನಲ್ಲಿ ತೆಗೆದ ಕೂರಿಗೆಯ ಚಿತ್ರವನ್ನು ಒಂದು ವಾರದೊಳಗೆ ಕಳಿಸಿದಳು. ಮೂರೂ ಚುಕ್ಕಿ ಚೊಕ್ಕವಾಗಿ ಬಂದಿದ್ದವು.

ಮನೆಯಲ್ಲಿ ಹಳೆಯ ಕ್ಯಾಮೆರಾ, ಮೂಲೆಗೆ ಬಿದ್ದ ಲೆನ್ಸು ಇರುವವರು ಅಂಗಡಿಗೆ ಹೋಗುವ ಮೊದಲು ಅದನ್ನು ಹೊರತೆಗೆಯಿರಿ, ಲೆನ್ಸಿನ ಬಾಯಿಯ ಸುತ್ತ ಬರೆದಿರುವ ಅಂಕಿ ಓದಿರಿ. ಬರುವ ಡಿಸೆಂಬರ್ ಅಮಾವಾಸ್ಯೆಯ ರಾತ್ರಿ ಹತ್ತು ಗಂಟೆಗೆ ಊರಾಚೆ ಪೂರ್ವಕ್ಕೆ ಮುಖ ಮಾಡಿ ನಿಂತರೆ ಕೂರಿಗೆ ಅರ್ಧ ಆಕಾಶ ಏರಿರುತ್ತದೆ. ಲುಬ್ಧಕಕ್ಕೆ ಫೋಕಸ್ ಮಾಡಿ, ಐಎಸ್‌ಒ 1600ಕ್ಕೆ ಇಟ್ಟು, ಮೂರು ಸೆಕೆಂಡು ಬಿಡಿ.